ಎರಡನೆಯ ಮೊಳೆ

ನಮ್ಮಪ್ಪ ನಾಟಕದ ಪರದೆ ಬರೆಯುತ್ತಿದ್ದ. ಬೈಲಹೊಂಗಲದಲ್ಲಿ ಕೂತು ಸುತ್ತಲಿನ ಊರುಗಳಿಗೆಲ್ಲ ದರ್ಬಾರು, ಬೀದಿ, ಕಾಡು, ಜೈಲು ಬರೆದು ಕೊಟ್ಟವನು. ಅವನ ಮಗಳಾಗಿ ನಾನು ಅವನಿಂದ ಕಲಿತದ್ದು ಒಂದೇ ವಿದ್ಯೆ: ದಾರದ ತುದಿ ಹಿಡಿಯುವುದು. ಅದನ್ನು ಮಾತ್ರ ಬಹಳ ಚೆನ್ನಾಗಿ ಕಲಿತೆ.

ಹಿತ್ತಲ ಗೋಡೆಗೆ ಇಪ್ಪತ್ತು ಅಡಿ ಅಗಲದ ಬಟ್ಟೆ ಬಿಗಿದು, ನಟ್ಟನಡುವೆ ಒಂದು ಮೊಳೆ ಹೊಡೆಯುತ್ತಿದ್ದ. ಅದಕ್ಕೆ ಕಟ್ಟಿದ ದಾರಕ್ಕೆ ಕೆಮ್ಮಣ್ಣು ಸವರಿ, ಇನ್ನೊಂದು ತುದಿಯನ್ನು ನನ್ನ ಕೈಗೆ ಕೊಡುವನು. ನಾನು ಬಟ್ಟೆಯ ಅಂಚಿಗೆ ಒತ್ತಿ ಹಿಡಿಯಬೇಕು, ಅವನು ನಡುವೆ ಮೀಟಿ ಬಿಡಬೇಕು. ಟಪ್ಪೆಂದು ಒಂದು ಕೆಂಪು ಗೆರೆ. ಹಾಗೆ ಬಿದ್ದ ಗೆರೆಗಳೆಲ್ಲ ಆ ಮೊಳೆಯ ಕಡೆಗೆ ಓಡಿ, ಚಪ್ಪಟೆ ಬಟ್ಟೆಯೊಳಗೆ ಒಂದು ಅರಮನೆ ಆಳವಾಗುತ್ತಿತ್ತು. ಇದು ಯಾರಿಗಾದರೂ ಕಾಣುವ ಕೆಲಸ. ಕಸುಬಿನ ಗುಟ್ಟು ಇದ್ದದ್ದು ಎರಡನೆಯ ಮೊಳೆಯಲ್ಲಿ. ನೆಲದ ಹಾಸುಗಲ್ಲುಗಳು ಹಿಂದೆ ಹಿಂದೆ ಹೋದಂತೆ ಎಷ್ಟೆಷ್ಟು ಕಿರಿದಾಗಬೇಕೆಂದು ಹೇಳುವ ಮೊಳೆ ಅದು. ಬಟ್ಟೆಯಿಂದಾಚೆ ಗೋಡೆಯ ಮೇಲೆ ಎಲ್ಲೋ ದೂರದಲ್ಲಿ ಕೂರುತ್ತಿತ್ತು. ಅದನ್ನು ಹೊಡೆಯುವ ಹೊತ್ತಿಗೆ ಅಪ್ಪನಿಗೆ ತಪ್ಪದೆ ಬಾಯಾರುತ್ತಿತ್ತು.

"ಚಹಾ ಮಾಡ್ಕೊಂಡ ಬಾ ಹೋಗು."

ನಾನು ಚಹಾ ತರುವಷ್ಟರಲ್ಲಿ ಮೊಳೆ ಕಿತ್ತು, ತೂತಿಗೆ ಸುಣ್ಣ ಮೆತ್ತಿ ಆಗಿರುತ್ತಿತ್ತು. ಅಣ್ಣ ಪಕ್ಕದಲ್ಲೇ ಆಕಳಿಸುತ್ತ ನಿಂತಿರುತ್ತಿದ್ದ. ಅವನಿಗೆ ಅಪ್ಪ ಆ ಮೊಳೆ ತೋರಿಸುತ್ತಿದ್ದ. ನನಗೇಕಿಲ್ಲ ಎಂದು ಒಮ್ಮೆ ಕೇಳಿದ್ದಕ್ಕೆ ಮುಚ್ಚುಮರೆಯಿಲ್ಲದೆ ಹೇಳಿದ: "ನೀ ನಾಳೆ ಕೊಟ್ಟ ಮನಿಗೆ ಹೋಗಾಕಿ. ನಿನಗ ಕಲಿಸಿದ್ರ ಕಸುಬು ಮಂದಿ ಮನಿ ಸೇರತೈತಿ." ಆ ಅಣ್ಣ ಈಗ ಫ್ಲೆಕ್ಸ್ ಅಂಗಡಿ ಇಟ್ಟಿದ್ದಾನೆ. ಕಸುಬು ಮನೆಯಲ್ಲೇ ಉಳಿಯಿತು, ಸತ್ತು ಉಳಿಯಿತು.

ಅವ್ವನ ತವರು ರಾಮದುರ್ಗದ ಕಡೆಯ ಕಟಕೋಳ. ಸುಗ್ಗಿ ಮುಗಿದ ಮೇಲೆ ಅಲ್ಲಿಯ ರೈತರು ಆಡುವ ನಾಟಕಕ್ಕೆ ಪರದೆ ಅಪ್ಪನದೇ. ಹತ್ತು ವರ್ಷದವಳಿದ್ದಾಗ ಅವ್ವನ ಜೊತೆ ಕೂತು ಮೊದಲ ಸಲ ನೋಡಿದೆ. ರಂಗದ ಎದುರಿಗೆ ಊರ ಹಿರಿಯರ ಸೋಫಾ, ಅದರ ಹಿಂದೆ ಗಂಡಸರ ಕುರ್ಚಿಗಳು. ಹೆಂಗಸರು ಎಡಕ್ಕೆ, ಬೇವಿನ ಗಿಡದ ಕೆಳಗೆ, ನೆಲದ ಮೇಲೆ ಕೌದಿ ಹಾಸಿಕೊಂಡು. ಅಲ್ಲಿಂದ ನೋಡಿದರೆ ಅಪ್ಪನ ಅರಮನೆ ಪೂರ್ತಿ ಒಂದು ಕಡೆ ವಾಲಿತ್ತು. ಒಂದು ಸಾಲಿನ ಕಂಬ ಹಿಂಡಿದಂತೆ, ಇನ್ನೊಂದು ಸಾಲು ಜಗ್ಗಿದಂತೆ, ನೆಲ ಜಾರಿ ಹೋಗುವಂತೆ. ಮರುದಿನ ಅಪ್ಪನಿಗೆ ಹೇಳಿದೆ. ಅವನು ನಕ್ಕ.

"ಪರದೆ ತಪ್ಪಿಲ್ಲ. ನೀ ಕುಂತ ಜಾಗಾ ತಪ್ಪೈತಿ."

ಆ ನಗು ಇವತ್ತಿಗೂ ನನ್ನ ಹೊಟ್ಟೆಯಲ್ಲಿದೆ, ಕರಗಿಲ್ಲ.

ನನ್ನನ್ನು ಸವದತ್ತಿಗೆ ಕೊಟ್ಟರು. ಅಲ್ಲಿ ಒಂದು ಶಾಲೆಯಲ್ಲಿ ಚಿತ್ರಕಲೆ ಕಲಿಸುವ ಕೆಲಸ ಸಿಕ್ಕಿತು; ಸೇಬು, ಹೂಜಿ, ಧ್ವಜ, ಅಷ್ಟೇ. ನಲವತ್ತು ದಾಟಿದ ಮೇಲೆ ಹಟ ಹಿಡಿದು ಪರ್ಸ್ಪೆಕ್ಟಿವ್, ಎಂದರೆ ಚಪ್ಪಟೆ ಹಾಳೆಯಲ್ಲಿ ಆಳ ತೋರಿಸುವ ವಿದ್ಯೆ, ಕಲಿಯಲು ಕೂತೆ. ಮೊಬೈಲಿನ ಪಾಠವನ್ನು ನಿಲ್ಲಿಸಿ ನಿಲ್ಲಿಸಿ ನೋಡುವುದು, ಭಾನುವಾರ ಹೂಲಿಗೆ ಹೋಗಿ ಹಳೆಯ ಗುಡಿಗಳ ಕಂಬಗಳ ಮುಂದೆ ಅಡಿಪಟ್ಟಿ ಹಿಡಿದು ಕೂರುವುದು. ಗೆರೆಗಳು ಕೂಡುವ ಬಿಂದು ಹಾಳೆಯಿಂದ ಹೊರಗೆ ಬಿದ್ದರೆ ಹಳೆಯ ಪೇಪರು ಅಂಟಿಸಿ ಹಾಳೆ ಉದ್ದ ಮಾಡುವುದು. ನನ್ನ ಗಂಡ ದಾಟಿ ಹೋಗುವಾಗ "ಈ ವಯಸ್ಸಿನ್ಯಾಗ ಯಾವ ಪರೀಕ್ಷಾ ಬರಿಯೂದೈತಿ ನಿನಗ" ಎನ್ನುತ್ತಿದ್ದರು.

ಒಂದು ದಿನ ಪಾಠದಲ್ಲಿ ಆ ಎರಡನೆಯ ಮೊಳೆಯ ಮಾತು ಬಂತು. ಹಾಸುಗಲ್ಲುಗಳ ಅಳತೆ ಹೇಳುವ ಬಿಂದು ನಡುವಿನ ಬಿಂದುವಿನಿಂದ ಎಷ್ಟು ದೂರವಿರಬೇಕೆಂದರೆ, ನೋಡುವವನ ಕಣ್ಣು ಚಿತ್ರದಿಂದ ಎಷ್ಟು ದೂರವಿದೆಯೋ ಅಷ್ಟು. ಪೆನ್ಸಿಲ್ ಕೆಳಗಿಟ್ಟೆ. ಪರದೆಯ ಕೆಲಸ ಒಪ್ಪಿಕೊಂಡ ಊರಿಗೆಲ್ಲ ಅಪ್ಪ ಮೊದಲೇ ಒಮ್ಮೆ, ಕೆಲವು ಸಲ ನನ್ನನ್ನೂ ಕರೆದುಕೊಂಡು, ಹೋಗುತ್ತಿದ್ದ. ರಂಗಕ್ಕೆ ಬೆನ್ನು ಕೊಟ್ಟು ಹೆಜ್ಜೆ ಎಣಿಸುತ್ತ ಬಂದು, ಸೋಫಾ ಹಾಕುವ ಜಾಗದಲ್ಲಿ ನಿಲ್ಲುತ್ತಿದ್ದ. ಎಲೆಯಡಿಕೆ ಉಗುಳಲು ಜಾಗ ಹುಡುಕುತ್ತಾನೆ ಎಂದುಕೊಂಡಿದ್ದೆ ನಾನು. ಎರಡನೆಯ ಮೊಳೆ ಎಂದರೆ ಆ ಸೋಫಾ. ಅಪ್ಪನ ಇಡೀ ಅರಮನೆ ಒಬ್ಬ ಹಿರಿಯನ ಕಣ್ಣಿಗೆ ಕಟ್ಟಿದ್ದು. ಇಷ್ಟೇ ಗುಟ್ಟು. ಹೇಳಿದ್ದರೆ ಎರಡು ನಿಮಿಷದ ಮಾತು. ಎರಡು ನಿಮಿಷ ಉಳಿಸಿಕೊಳ್ಳಲು ನನ್ನ ಮೂವತ್ತು ವರ್ಷ ತಿಂದ.

ಹೋದ ವರ್ಷ ಕಟಕೋಳದವರು ಕಿತ್ತೂರಿನ ದರ್ಬಾರಿನ ನಾಟಕ ಆಡುವುದೆಂದು ಹೊಸ ಪರದೆ ಕೇಳಿದರು. ಫ್ಲೆಕ್ಸ್ ಬೇಡ, ಕೈಯಿಂದಲೇ ಬರೆದದ್ದು ಬೇಕು ಎಂದರಂತೆ. ಅಪ್ಪನಿಗೆ ಆಗಲೇ ಕಣ್ಣು ಮಂಜು, ಕೈ ನಡುಕ. ಫೋನ್ ಮಾಡಿ "ದಾರ ಹಿಡಿಯಾಕ ಬಾ" ಎಂದ.

"ದಾರ ನೀ ಹಿಡಿ. ಬರಿಯಾಕಿ ನಾನು. ಮೂಲ್ಯಾಗ ಹೆಸರೂ ನಂದ" ಎಂದೆ.

"ಆತು, ಬಾ" ಎಂದ ಅಪ್ಪ. ಪರದೆಯ ಕೆಳಮೂಲೆಯ ಹೆಸರನ್ನು ಓದಿಯೇ ಮುಂದಿನ ಊರಿನವರು ಹುಡುಕಿಕೊಂಡು ಬರುವುದು. ಆ ಗೇಣುದ್ದದ ಜಾಗ ನನಗೆ ಬೇಕಿತ್ತು. ಬೇರೆ ಯಾವುದನ್ನೂ ಅಷ್ಟು ಆಸೆಪಟ್ಟವಳಲ್ಲ.

ಅಳತೆಗೆ ಕಟಕೋಳಕ್ಕೆ ಹೋದೆ. ಸೋಫಾದ ಜಾಗಕ್ಕೆ ಹೋಗಲಿಲ್ಲ. ಬೇವಿನ ಕೆಳಗೆ, ಅವ್ವ ಚಿಕ್ಕಂದಿನಿಂದ ಕೂರುವ ಜಾಗದಲ್ಲಿ, ನೆಲಕ್ಕೆ ಕುಕ್ಕರಿಸಿದೆ. ರಂಗದ ಕಟ್ಟೆ ನನ್ನ ಕಣ್ಣಿಗಿಂತ ಮೇಲಿತ್ತು. ಎಂದರೆ ಇಲ್ಲಿ ಕೂತವಳಿಗೆ ಅರಮನೆಯ ನೆಲ ಕಾಣಲು ಸಾಧ್ಯವೇ ಇಲ್ಲ. ಕಾಣುವುದು ಕಂಬ ಮತ್ತು ಛಾವಣಿ. ಹಾಗಾದರೆ ಹಾಗೆಯೇ ಬರೆಯಬೇಕು. ಮೊದಲು ಚಿಕ್ಕ ಹಾಳೆಯಲ್ಲಿ, ಕತ್ತೆತ್ತಿ ನೋಡುವ ನೋಟಕ್ಕೆಂದು ಕಂಬಗಳು ಎತ್ತರದಲ್ಲಿ ಕೂಡುವಂತೆ ಮೇಲೆ ಮೂರನೆಯ ಬಿಂದುವನ್ನೂ ಇಟ್ಟು ಬರೆದು, ಬಾಗಿಲ ಮೇಲೆ ಅಂಟಿಸಿ ಕೆಳಗೆ ಕೂತೆ. ಕಂಬಗಳು ಡೇರೆಯ ಹಾಗೆ ಒಳಕ್ಕೆ ಬಿದ್ದವು. ಕತ್ತೆತ್ತಿದ ಕಣ್ಣೇ ಕಂಬವನ್ನು ಕಿರಿದು ಮಾಡುತ್ತದೆ, ಮತ್ತೆ ನಾನು ಮಾಡಬಾರದು ಎಂಬುದು ಆಗ ತಿಳಿಯಿತು. ಇದನ್ನು ಯಾವ ಅಪ್ಪನೂ ಹೇಳಿಕೊಡಲಿಲ್ಲ.

ಬೈಲಹೊಂಗಲದ ಅದೇ ಗೋಡೆ. ಮೊಳೆಯನ್ನು ಬಟ್ಟೆಯ ಅಂಚಿಗಿಂತ ಕೆಳಗೆ, ನೆಲದಲ್ಲಿ ಕೂತವಳ ಕಣ್ಣಿನ ಮಟ್ಟಕ್ಕೆ, ಬೇವಿನ ಕಡೆ ಬರುವ ಬದಿಗೆ ಹೊಡೆದೆ. ಅಪ್ಪ ದಾರದ ತುದಿ ಹಿಡಿದ. ದಾರ ನೆಲದ ಕಡೆಗೆ ಇಳಿಯುವುದು ಅವನ ಕೈಗೆ ಗೊತ್ತಾಯಿತು.

"ಮೊಳಿ ಎಲ್ಲಿ ಹೊಡದಿ?"

"ಚಹಾ ಕುಡಿತೀಯೇನಪ್ಪಾ?" ಎಂದೆ.

ಅವನು ಮತ್ತೆ ಕೇಳಲಿಲ್ಲ. ಆ ದಿನ ನನಗೆ ಆದ ಸುಖವನ್ನು ಒಳ್ಳೆಯವರು ಸುಖ ಎನ್ನಲಿಕ್ಕಿಲ್ಲ. ಎರಡು ವಾರದಲ್ಲಿ ಪರದೆ ಮುಗಿಯಿತು. ಕೆಳಗಿನ ಎಡಮೂಲೆಯಲ್ಲಿ ನನ್ನ ಹೆಸರು ಬರೆದು, ಒಣಗುವವರೆಗೆ ಅಲ್ಲೇ ನಿಂತಿದ್ದೆ.

ನಾಟಕಕ್ಕೆ ಎರಡು ದಿನ ಮೊದಲು, ಮಧ್ಯಾಹ್ನ, ಕಟಕೋಳದ ರಂಗದಲ್ಲಿ ಪರದೆ ಕಟ್ಟಿ ನೋಡಿದರು. ನಾಟಕ ಕಲಿಸುವ ಮಾಸ್ತರರು ಸೋಫಾದಲ್ಲಿ ಕೂತು ಕತ್ತು ಆ ಕಡೆ ಈ ಕಡೆ ಹೊರಳಿಸಿದರು.

"ನೆಲಾ ಎಲ್ಲೈತ್ರಿ? ರಾಜಾ ಎಲ್ಲಿ ನಿಂದರಬೇಕು, ಗಾಳ್ಯಾಗ? ಕಿತ್ತೂರಾಗ ಅರಮನಿ ಬಿದ್ದರೂ ನೆಲಾರ ಉಳದೈತಿ. ಇಲ್ಲಿ ಅದೂ ಇಲ್ಲಲ್ರಿ."

ಹಿಂದಿನ ಕುರ್ಚಿಯಿಂದ ಒಬ್ಬ ಸೇರಿಸಿದ: "ಕುಣಿಯಾಕ ಬರಲಾರದಾಕಿ ನೆಲಾ ಡೊಂಕ ಅಂದ್ಲಂತ. ಈಕಿ ನೆಲಾನ ಇಲ್ಲ ಅಂದ್ಲು."

ಎಲ್ಲರೂ ನಕ್ಕರು. ಮಾತು ಚೆನ್ನಾಗಿಯೇ ಇತ್ತು, ಬೇರೆಯವರಿಗೆ ಆಡಿದ್ದರೆ ನಾನೂ ನಗುತ್ತಿದ್ದೆ. ಬೇವಿನ ಕೆಳಗೆ ಬಂದು ಒಂದು ಗಳಿಗೆ ಕೂತು ನೋಡಿ ಎಂದೆ. "ಅದು ಹೆಣ್ಮಕ್ಕಳ ಜಾಗಾ. ನಾವ್ಯಾಕ ಕುಂದ್ರೂಣ್ರಿ ಅಲ್ಲಿ?" ಎಂದರು ಮಾಸ್ತರರು, ಸಿಟ್ಟಿಲ್ಲದೆ, ಗೊತ್ತಿಲ್ಲದವಳಿಗೆ ತಿಳಿಸಿ ಹೇಳುವಂತೆ.

ಅಪ್ಪನ ಮುಖ ನೋಡಿದೆ. ಆ ಮಂದಿಯಲ್ಲಿ ಪರದೆ ತಪ್ಪಿಲ್ಲವೆಂದು ಗೊತ್ತಿದ್ದವನು ಅವನೊಬ್ಬನೇ. ಕೂತ ಜಾಗ ತಪ್ಪೈತಿ ಎಂದು ನನಗೆ ಹೇಳಿದ್ದ ಮಾತನ್ನೇ ಅವರಿಗೆ ಹೇಳಿದ್ದರೆ ಸಾಕಿತ್ತು. ಅವನು ಕೈ ಮುಗಿದ.

"ಇನ್ನೂ ಕಲಿಯಾಕ ಹತ್ತ್ಯಾಳ್ರಿ. ನೆಲಾ ನಾ ಹಾಕ್ತೇನಿ."

ಅವ್ವ ಬೇವಿನ ಕೆಳಗೆ ತವರಿನ ಗೆಳತಿಯರ ನಡುವೆ ಕೂತು ಎಲ್ಲ ನೋಡುತ್ತಿದ್ದಳು. ಅವಳಾದರೂ ಒಂದು ಮಾತು ಆಡುವಳೆಂದು ಕಾದೆ. ಆಡಲಿಲ್ಲ. ಅಷ್ಟು ಗಂಡಸರ ಎದುರಿಗೆ ಹೇಗೆ ಆಡುವಳು ಎಂದು ನಾನೇ ಸಮಾಧಾನ ಮಾಡಿಕೊಂಡೆ.

ಊರ ಶಾಲೆಯ ಗೋಡೆಗೆ ಪರದೆ ಬಿಗಿದು, ಅಪ್ಪ ನಟ್ಟನಡುವೆ ಮೊಳೆ ಹೊಡೆದ. ಕೆಳಗಿನ ಮೂರು ಅಡಿ ಪೂರ್ತಿ ಕಪ್ಪು ಬಿಳಿ ಹಾಸುಗಲ್ಲು, ಕಂಬಗಳ ಬುಡವೂ ಅದಕ್ಕೆ ತಕ್ಕ ಹಾಗೆ. ದಾರದ ತುದಿ ಹಿಡಿದದ್ದು ನಾನು. ಕೈಗೆ ರೂಢಿ. ಈ ಸಲ ಎರಡನೆಯ ಮೊಳೆಯ ಹೊತ್ತಿಗೆ ನನ್ನನ್ನು ಚಹಾಕ್ಕೆ ಕಳಿಸಲಿಲ್ಲ. ಕಳಿಸಿದ್ದರೆ ಒಳ್ಳೆಯದಿತ್ತು. ಎಡಮೂಲೆಯ ನನ್ನ ಹೆಸರಿನ ಮೇಲೆ ಬಿಳಿ ಬಣ್ಣ ಬೀಳುವುದನ್ನು ನೋಡುವುದು ತಪ್ಪುತ್ತಿತ್ತು. ಅದು ಒಣಗಿದ ಮೇಲೆ ಅಪ್ಪ ಅಲ್ಲಿ ತನ್ನ ಹೆಸರು ಬರೆದ.

ನಾಟಕದ ದಿನ ಹೊತ್ತು ಮುಳುಗುವ ಮೊದಲೇ ಹೋಗಿ ಅವ್ವನ ಪಕ್ಕದಲ್ಲಿ ಕೂತೆ. ಪರದೆ ಈಗ ಮೇಲಿನ ಭಾಗ ಬೇವಿನದು, ಕೆಳಗಿನ ಭಾಗ ಸೋಫಾದ್ದು. ಯಾವ ಜಾಗದಿಂದ ನೋಡಿದರೂ ತಪ್ಪು. ನಮ್ಮ ಕಡೆಯಿಂದ ನೆಲ ಮೊದಲಿನಂತೆಯೇ ಜಾರುತ್ತಿತ್ತು, ಕಂಬಗಳ ಬುಡ ವಾಲಿ ಇಡೀ ಅರಮನೆಯೇ ವಾಲಿದಂತಿತ್ತು. ಅವ್ವ ಕೌದಿಯ ಮಡಿಕೆ ಬಿಡಿಸಿ, ಸರಿಯಾಗಿ ಕೂತು, ಪರದೆಯನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ನನ್ನ ಮೊಣಕಾಲು ತಟ್ಟಿದಳು.

"ಈಗ ಅರಮನಿ ಹಂಗ ಕಾಣಸ್ತೈತಿ ನೋಡು. ಮೊನ್ನಿ ನೆಟ್ಟಗ ನಿಂತು ಹೆಂಗೋ ಕಾಣತಿತ್ತು."