ಅಮ್ಮನ ಮೊಣಕೈಯಿಂದಾಚೆ

ಓಣಿಯವರೆಲ್ಲ ಅವಳನ್ನು ಕರೆಯುತ್ತಿದ್ದುದು ರಿಪೇರಿ ಅಕ್ಕ ಎಂದು. ಅವಳು ರಿಪೇರಿ ಮಾಡುತ್ತಿದ್ದುದು ಮಿಕ್ಸಿಯನ್ನಲ್ಲ, ಛತ್ರಿಯನ್ನೂ ಅಲ್ಲ. ಜನ ಮನೆಯಲ್ಲಿ ಕಂಪ್ಯೂಟರ್ ಮುಂದೆ ಕೂತು, ತಮ್ಮನ್ನು ಬಿಟ್ಟರಿಲ್ಲ ಎಂಬಂತೆ ಫೋಟೋಗಳನ್ನು ಪೋಣಿಸಿ ಸ್ಲೈಡ್‌ಶೋ ಮಾಡುತ್ತಾರಲ್ಲ, ಅದು ಕೈಕೊಟ್ಟಾಗ ಓಡಿ ಬರುತ್ತಿದ್ದುದು ಅವಳ ಹತ್ತಿರ. ಕೆಲವರದು ಹಾಡು ಮುಗಿದರೂ ಫೋಟೋ ಮುಗಿಯುವುದಿಲ್ಲ. ಕೆಲವರದು ಫೋಟೋ ಮುಗಿದು, ಕಪ್ಪು ಪರದೆಯ ಮೇಲೆ ಹಾಡೊಂದೇ ಗೋಳಾಡುತ್ತಿರುತ್ತದೆ. ಮನೆಯ ಪರದೆಯಲ್ಲಿ ನೆಟ್ಟಗಿದ್ದ ಮದುಮಗನಿಗೆ ಸಭಾಂಗಣದ ಪರದೆಯಲ್ಲಿ ತಲೆಯೇ ಇರುವುದಿಲ್ಲ. "ತಲೆ ಇದ್ದಿದ್ರೆ ಕಡೇ ಗಳಿಗೇಲಿ ತರ್ತಿದ್ರಾ ನೀವು," ಎಂದು ಬಂದವರನ್ನು ಗದರಿಸಿಯೇ ಅವಳು ಕೆಲಸಕ್ಕೆ ಕೂರುವುದು.

ಅಂಗಡಿ ಎಂದರೆ ಬೀಗದ ಕೈ ಮಾಡುವವನ ನೆತ್ತಿಯ ಮೇಲಿನ ಒಂದೇ ಕೋಣೆ. ಕಡಿದಾದ ಮೆಟ್ಟಿಲು. ಒಳಗೆ ಎರಡು ಪರದೆ, ಒಂದು ಅಗಲದ್ದು, ಒಂದು ಹಳೆಯ ಚೌಕದ್ದು. ಗೋಡೆಗೆ ಬಿಳಿ ಬಣ್ಣ ಬಳಿದು ಪ್ರೊಜೆಕ್ಟರ್‌ಗೆ ಜಾಗ ಮಾಡಿದ್ದಳು. ಹರೆಯದಲ್ಲಿ ಅವಳು ಸ್ಟುಡಿಯೋವೊಂದರ ಕತ್ತಲೆ ಕೋಣೆಯಲ್ಲಿ ಫೋಟೋ ತೊಳೆಯುತ್ತಿದ್ದವಳು. ಸ್ಟುಡಿಯೋ ಬಾಗಿಲು ಹಾಕಿದಾಗ ಮಾಲೀಕರು ಕೊಟ್ಟ ಹಳೇ ಕಂಪ್ಯೂಟರನ್ನು ತಂದು, ಬಿದ್ದೆದ್ದು ಈ ವಿದ್ಯೆ ಕಲಿತಳು. ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದವರಿಗೆ, "ಇಷ್ಟು ಜನರ ಮದುವೆ ಫೋಟೋ ನೋಡಿದ ಮೇಲೂ ಆಗ್ಬೇಕಾ?" ಎನ್ನುತ್ತಿದ್ದಳು. ನಾಲಿಗೆ ಚೂರಿ, ಮನಸ್ಸು ಬೆಣ್ಣೆ ಎಂದು ಕೆಳಗಿನ ಬೀಗದವನು ಹೇಳುತ್ತಿದ್ದ. ಅವನಿಗೆ ಬೆಣ್ಣೆ ಎಲ್ಲಿ ಕಂಡಿತೋ ಗೊತ್ತಿಲ್ಲ. ತಂಗಿಯ ವಿಷಯದಲ್ಲಂತೂ ಅವಳ ಮನಸ್ಸು ಕಲ್ಲಾಗಿತ್ತು.

ಮೂವರು ಮಕ್ಕಳು ಅವರು. ಅಣ್ಣ ದರ್ಜಿ, ಎದುರು ರಸ್ತೆಯಲ್ಲೇ ಅಂಗಡಿ. ನಡುವಿನವಳು ಇವಳು. ಕೊನೆಯವಳು ತಂಗಿ. ತಂಗಿ ಗಂಡನನ್ನು ಬಿಟ್ಟು ಪೆಟ್ಟಿಗೆ ಹಿಡಿದು ಬಂದ ದಿನ ಅಮ್ಮ ಬಾಗಿಲಲ್ಲೇ ನಿಂತು, "ವಾಪಸ್ ಹೋಗು" ಎಂದಿದ್ದಳು. ಅವಳು ಗಂಡನ ಮನೆಗೂ ಹೋಗಲಿಲ್ಲ, ಅಮ್ಮನ ಮನೆಗೂ ಬರಲಿಲ್ಲ. ಎಲ್ಲೋ ದೂರದ ಊರಿನಲ್ಲಿ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ ಹಿಡಿದಳು. ಆಮೇಲೆ ಅಮ್ಮನಿಗೆ ಲಕ್ವ ಹೊಡೆಯಿತು. ಒಂದು ಕೈ ಬಿದ್ದುಹೋಯಿತು, ಮಾತು ನಿಂತಿತು, ಅದರ ಜೊತೆಗೇ ನಗುವೂ ನಿಂತಿತು. ಅಣ್ಣ ಅಮ್ಮನನ್ನು ಮಗುವಿನ ಹಾಗೆ ನೋಡಿಕೊಂಡ. ಹೊಲಿಗೆ ಯಂತ್ರದ ಪಕ್ಕದಲ್ಲೇ ಮಂಚ ಹಾಕಿ, ಒಂದು ಕಣ್ಣು ಬಟ್ಟೆಯ ಮೇಲೆ, ಒಂದು ಕಣ್ಣು ಅಮ್ಮನ ಮೇಲೆ ಇಟ್ಟು ವರ್ಷಗಳನ್ನು ಕಳೆದ.

ಅಮ್ಮ ಕೊನೆಗೆ ಆಸ್ಪತ್ರೆ ಸೇರಿದಾಗ ರಿಪೇರಿ ಅಕ್ಕನ ಹಣೆಬರಹ ನೋಡಿ, ಇದೇ ಮೆಟ್ಟಿಲಿಂದ ಉರುಳಿ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದ್ದಳು. ಅಮ್ಮನ ಸುದ್ದಿಯೆಲ್ಲ ಅಣ್ಣನ ಫೋನಿನಿಂದಲೇ ಗೊತ್ತಾಗಬೇಕಿತ್ತು. "ಅವಳು ಬಂದಿದ್ಲಾ?" ಎಂದು ಒಮ್ಮೆ ಕೇಳಿದ್ದಳು. "ಇಲ್ಲ," ಎಂದಿದ್ದ ಅಣ್ಣ. ಅಮ್ಮ ಹೋದಳು. ಮಣ್ಣಾದ ಮೇಲೆ ತಂಗಿ ಫೋನ್ ಮಾಡಿದಾಗ ಇವಳು ಮಾತಾಡಲು ಬಿಡಲೇ ಇಲ್ಲ. "ಇದ್ದಾಗ ಬರದವಳಿಗೆ ಸತ್ತ ಮೇಲೇನು ಕೆಲಸ? ನಮ್ಮ ಪಾಲಿಗೆ ನೀನೂ ಹೋದೆ ಅಂದ್ಕೋತೀವಿ," ಎಂದು ಹೇಳಿ ಫೋನ್ ಕುಕ್ಕಿದ್ದಳು. ಐದು ವರ್ಷ ಕಳೆದರೂ ಆ ಮಾತಿಗೆ ಅವಳು ಒಂದು ದಿನವೂ ಪಶ್ಚಾತ್ತಾಪ ಪಟ್ಟಿರಲಿಲ್ಲ.

ಆ ಶನಿವಾರ ಮಧ್ಯಾಹ್ನ ಅಣ್ಣ ಕುತ್ತಿಗೆಗೆ ಅಳತೆ ಟೇಪು ನೇತುಹಾಕಿಕೊಂಡೇ ಮೆಟ್ಟಿಲು ಹತ್ತಿ ಬಂದ. ಮರುದಿನ ಅಮ್ಮನ ನೆನಪಿಗೆ ನೆಂಟರನ್ನೆಲ್ಲ ಕರೆದಿದ್ದ. ಸ್ಲೈಡ್‌ಶೋ ತಾನೇ ಮಾಡುತ್ತೇನೆ ಎಂದು ಹಟ ಹಿಡಿದು ತಿಂಗಳಿಂದ ಹೆಣಗಾಡಿದ್ದ.

"ಇದೇನೋ ಕಾಟ ಕೊಡ್ತಿದೆ ಕಣೇ. ಟೈಮ್ ಜಾಸ್ತಿ ಕೊಟ್ಟಷ್ಟೂ ಬೇಗ ಓಡುತ್ತೆ. ಅದ್ರಲ್ಲೂ ಕೊನೇ ಫೋಟೋ ಹೀಗೆ ಬಂದು ಹಾಗೆ ಹೋಗುತ್ತೆ. ಮಂಜುಮಂಜಾಗೂ ಕಾಣುತ್ತೆ. ಅದೊಂದು ಚೆನ್ನಾಗಿ ನಿಲ್ಲೋ ಹಾಗೆ ಮಾಡು."

"ಮೊದಲೇ ತಂದಿದ್ರೆ ನಿನ್ನ ಗಂಟೇನು ಹೋಗ್ತಿತ್ತು? ಇಟ್ಟು ಹೋಗು, ಸಂಜೆ ಬಾ."

ಅವನು ಪೆನ್‌ಡ್ರೈವ್ ಇಟ್ಟು ಹೋದ. ಅವಳು ಕನ್ನಡಕ ಏರಿಸಿ ಕೂತಳು. ಮೊದಲ ಕಾಯಿಲೆ ಕಣ್ಣಿಗೆ ಬೀಳಲು ಹೊತ್ತು ಹಿಡಿಯಲಿಲ್ಲ. ಫೋಟೋ ಪರದೆಯ ಮೇಲೆ ನಿಲ್ಲುವ ಹೊತ್ತೇ ಬೇರೆ, ಒಂದು ಫೋಟೋ ಕರಗಿ ಇನ್ನೊಂದು ಮೂಡುವ ಹೊತ್ತೇ ಬೇರೆ. ಅಣ್ಣ ಪ್ರತಿ ಸಲ ಹಿಗ್ಗಿಸಿದ್ದು ಕರಗುವ ಹೊತ್ತನ್ನು. ಅದು ಎರಡೂ ಕಡೆಯಿಂದ ನಿಲ್ಲುವ ಹೊತ್ತನ್ನು ನುಂಗಿ ನೀರು ಕುಡಿದಿತ್ತು. "ಅಯ್ಯೋ ಮಹರಾಯ," ಎಂದು ಅವಳು ಒಬ್ಬಳೇ ನಕ್ಕು, ಕರಗುವುದನ್ನು ಚಿಟಿಕೆಯಷ್ಟಕ್ಕೆ ಇಳಿಸಿದಳು. ಫೋಟೋಗಳು ಒಂದೊಂದಾಗಿ ತಾಳ್ಮೆಯಿಂದ ನಿಲ್ಲತೊಡಗಿದವು. ಅಮ್ಮ ಬಾವಿಕಟ್ಟೆಯಲ್ಲಿ. ಅಮ್ಮ ಕೈಗೂಸನ್ನು ಎತ್ತಿಕೊಂಡು. ಆ ಕೂಸು ತಂಗಿ ಎಂದು ಹೊಳೆದಾಗ ಅವಳು ಬೇಗ ಮುಂದಕ್ಕೆ ಹೋದಳು.

ಕೊನೆಯ ಫೋಟೋ ಬಂತು. ಮನೆಮಂದಿಗೆಲ್ಲ ಬಾಯಿಪಾಠವಾದ ಫೋಟೋ ಅದು. ಅಣ್ಣನ ಮನೆಯ ಗೋಡೆಯ ಮೇಲೆ, ಚಿಕ್ಕಮ್ಮನ ಮನೆಯ ಷೋಕೇಸಿನಲ್ಲಿ, ಇವಳ ಪರ್ಸಿನಲ್ಲಿ ಕೂಡ ಇತ್ತು. ಆಸ್ಪತ್ರೆಯ ತೋಟದಲ್ಲಿ ಗಾಲಿಕುರ್ಚಿಯ ಮೇಲೆ ಅಮ್ಮ, ತಲೆ ತುಸು ಹಿಂದಕ್ಕೆ ವಾಲಿಸಿ ನಗುತ್ತಿದ್ದಾಳೆ. ಲಕ್ವ ಹೊಡೆದ ಮೇಲೆ ಯಾರೂ ಕಂಡಿರದ ನಗು. ಸರಿಯಿದ್ದ ಕೈಯ ಮೊಣಕೈ ಮೇಲೆದ್ದಿದೆ, ಫೋಟೋ ಅಲ್ಲಿಗೇ ಮುಗಿಯುತ್ತದೆ. ಶಾಲು ಸರಿಮಾಡಿಕೊಳ್ಳುತ್ತಿದ್ದಾಳೆ ಎಂದು ಎಲ್ಲರೂ ಅಂದುಕೊಂಡಿದ್ದರು. "ಫೋಟೋ ತೆಗೀತಿದ್ದ ಮಗನ್ನ ನೋಡಿ ನಕ್ಕಿರೋದು. ಸೇವೆ ಮಾಡಿದವನ ಪುಣ್ಯ," ಎಂದು ಚಿಕ್ಕಮ್ಮ ಸಿಕ್ಕವರಿಗೆಲ್ಲ ಹೇಳುತ್ತಿದ್ದಳು.

ಪರದೆಯ ಮೇಲೆ ಅದು ನಿಜಕ್ಕೂ ಮಂಜಾಗಿತ್ತು. ಅಣ್ಣನ ಫೋನು ಒಳ್ಳೆಯದೇ, ಬೆಳಕೂ ಚೆನ್ನಾಗಿತ್ತು, ಹಾಗಿದ್ದ ಮೇಲೆ ಯಾಕೆ ಹೀಗೆ? ಚಿಕ್ಕ ತುಂಡೊಂದನ್ನು ಎಳೆದು ದೊಡ್ಡದು ಮಾಡಿದರೆ ಮಾತ್ರ ಹೀಗಾಗುತ್ತದೆ. ಅವಳು ಫೋಟೋದ ಮೇಲೆ ಒತ್ತಿ ನೋಡಿದಳು. ಅಂಚಿನಲ್ಲಿ ಕ್ರಾಪ್ ಗುರುತು ಕಂಡಿತು. ಅಣ್ಣ ಮೂಲ ಫೋಟೋವನ್ನೇ ಹಾಕಿ, ಇಲ್ಲೇ ಕತ್ತರಿಸಿದ್ದ. ದರ್ಜಿಯಲ್ಲವೇ, ಅವನ ಪಾಲಿಗೆ ಕತ್ತರಿಸಿದ್ದು ಕತ್ತರಿಸಿಯೇ ಹೋಯಿತು, ತುಂಡು ನೆಲಕ್ಕೆ ಬಿತ್ತು, ಗುಡಿಸಿದರೆ ಮುಗಿಯಿತು. ಈ ತಂತ್ರಾಂಶ ಏನನ್ನೂ ಕತ್ತರಿಸುವುದಿಲ್ಲ, ಬರೀ ಮುಚ್ಚುತ್ತದೆ ಎಂಬುದು ಅವನಿಗೆ ಗೊತ್ತಿರಲಿಲ್ಲ. ಅಗಲವಾಗಿ ಇಟ್ಟರೆ ಮಂಜು ಹೋಗುತ್ತದೆ ಎಂದುಕೊಂಡು ಅವಳು ರೀಸೆಟ್ ಒತ್ತಿದಳು.

ಫೋಟೋ ಬಿಚ್ಚಿಕೊಂಡಿತು. ಅಮ್ಮನ ಮೊಣಕೈಯಿಂದಾಚೆ ಅಮ್ಮನ ಮುಂಗೈ ಇತ್ತು. ಆ ಕೈ ಹೆಗಲ ಮೇಲಿಂದ ಹಿಂದಕ್ಕೆ ಚಾಚಿ, ಕುರ್ಚಿ ತಳ್ಳುತ್ತಿದ್ದವಳ ಬೆರಳುಗಳನ್ನು ಹಿಡಿದಿತ್ತು. ತಳ್ಳುತ್ತಿದ್ದವಳು ತಲೆ ತಗ್ಗಿಸಿದ್ದಳು. ಆಸ್ಪತ್ರೆಯ ಬಟ್ಟೆ ಒಗೆಯುವವರ ನೀಲಿ ಅಂಗಿ, ಕೆಲಸದಿಂದ ನೇರ ಬಸ್ಸು ಹತ್ತಿ ಬಂದವಳ ಹಾಗೆ. ಅದು ತಂಗಿ.

ಯಾರೋ ಅಂಟಿಸಿದ್ದಿರಬೇಕು ಎಂದುಕೊಂಡಳು ರಿಪೇರಿ ಅಕ್ಕ. ಅಂಟಿಸಿದ್ದನ್ನು ಪತ್ತೆ ಹಚ್ಚುವುದು ಅವಳಿಗೆ ನೀರು ಕುಡಿದಷ್ಟು ಸುಲಭ. ನೆರಳು ನೋಡಿದಳು, ಕೂದಲಂಚು ನೋಡಿದಳು, ಎರಡು ಕೈಗಳು ಕೂಡಿದ ಜಾಗವನ್ನು ಹಿಗ್ಗಿಸಿ ನೋಡಿದಳು. ಅಂಟಿಸಿದ್ದಲ್ಲ. ಎಷ್ಟೋ ಮನೆಗಳ ಮುಚ್ಚಿಟ್ಟ ಸಂಗತಿಗಳು ಇದೇ ಮೇಜಿನ ಮೇಲೆ ಹೊರಬಿದ್ದಾಗ ಅವಳು ಕಣ್ಣು ಮಿಟುಕಿಸಿರಲಿಲ್ಲ. ಈಗ ಪ್ರೊಜೆಕ್ಟರ್ ಹಚ್ಚಿ ಇಡೀ ಫೋಟೋವನ್ನು ಬಿಳಿ ಗೋಡೆಯ ಮೇಲೆ ಬಿಟ್ಟು ಮತ್ತೊಮ್ಮೆ ನೋಡಿದಳು. ಕೊನೆಗೆ ಕೆಳಗಿನ ಬೀಗದವನನ್ನು ಕಳಿಸಿ ಅಣ್ಣನನ್ನು ಕರೆಸಿದಳು.

ಅಣ್ಣ ಬಂದು ಬಾಗಿಲಲ್ಲೇ ನಿಂತ. ಗೋಡೆಯ ಮೇಲೆ, ಅವನ ಎತ್ತರಕ್ಕೆ, ಇಡೀ ಫೋಟೋ ಇತ್ತು.

"ಅದನ್ನ ಕತ್ತರಿಸಿ ಹಾಕಿದ್ನಲ್ಲ," ಎಂದ, ಮೆಲ್ಲಗೆ.

"ಇಲ್ಲ ಅಂದಿದ್ದೆ ನೀನು. ಬಂದಿಲ್ಲ ಅಂದಿದ್ದೆ."

ಅವನು ಸ್ಟೂಲಿನ ಮೇಲೆ ಕುಸಿದು ಕೂತ. ಟೇಪನ್ನು ಬೆರಳಿಗೆ ಸುತ್ತಿದ, ಬಿಚ್ಚಿದ. ಆಮೇಲೆ ಮಾತು ಒಂದೊಂದಾಗಿ ಬಂತು.

"ಎಷ್ಟು ವರ್ಷ ಕಣೇ. ಎತ್ತಿದ್ದು, ತೊಳೆದಿದ್ದು, ತುತ್ತು ಕೊಟ್ಟಿದ್ದು ನಾನು. ಒಂದು ದಿನ ನನ್ನ ಮುಖ ನೋಡಿ ಅಮ್ಮ ನಗಲಿಲ್ಲ. ಇವಳು ಒಂದು ಮಧ್ಯಾಹ್ನ ಬಂದು ಕುರ್ಚಿ ತಳ್ಳಿದ್ಲು, ಅಷ್ಟೇ. ಅಮ್ಮ ಆ ಥರ ನಕ್ಕಿದ್ದು ನೋಡಿ ನಾನೇ ಖುಷಿಯಾಗಿ ಫೋನ್ ತೆಗೆದೆ. ಒತ್ತಿ ಆದ ಮೇಲೆ ಹೊಟ್ಟೆಯೊಳಗೆ ಬೆಂಕಿ ಬಿತ್ತು. ಅವತ್ತೇ ನೀನು ಕೇಳ್ದೆ, ಬಂದಿದ್ಲಾ ಅಂತ. ಬಾಯಿಗೆ ಇಲ್ಲ ಅಂತ ಬಂತು. ನಾಳೆ ಸರಿಮಾಡೋಣ ಅಂದ್ಕೊಂಡೆ. ಅಷ್ಟರಲ್ಲಿ ಅಮ್ಮ ಹೋದ್ಲು."

ಅವಳಿಗೆ ಅವನನ್ನು ಹಿಡಿದು ಜಾಡಿಸಬೇಕೆನಿಸಿತು. ಅಷ್ಟೇ ಬಲವಾಗಿ, ಅವನು ಅಮ್ಮನ ತಲೆ ಬಾಚುತ್ತಿದ್ದ ಬೆಳಗುಗಳು ಕಣ್ಣಮುಂದೆ ಬಂದವು. ಸಿಟ್ಟು ಅರ್ಧದಲ್ಲೇ ದಾರಿ ತಪ್ಪಿತು.

"ಅವಳು ಮತ್ತೆ ಯಾಕೆ ಬರಲಿಲ್ಲ? ಮಣ್ಣಿಗೂ ಬರಲಿಲ್ವಲ್ಲ. ಅವಳಿಗೇನು ಹೇಳ್ದೆ ನೀನು?"

ಅಣ್ಣ ಗೋಡೆ ನೋಡಲಿಲ್ಲ, ಅವಳನ್ನೂ ನೋಡಲಿಲ್ಲ.

"ನಿನ್ನ ನೋಡಿ ಅಮ್ಮನಿಗೆ ಸಂಕಟ ಆಯ್ತು, ರಾತ್ರಿಯೆಲ್ಲ ಅತ್ಲು, ಇನ್ನು ಬರಬೇಡ ಅಂದೆ."

ಮೊದಲಿನ ಸುಳ್ಳು ಅವಳಿಗೆ ಅರ್ಥವಾಗಿತ್ತು, ಕ್ಷಮಿಸುವುದಾಗದಿದ್ದರೂ ಅರ್ಥವಾಗಿತ್ತು. ಇದು ಅರ್ಥವಾಗಲಿಲ್ಲ. ಆ ಸುಳ್ಳನ್ನು ಹೊತ್ತುಕೊಂಡೇ ತಂಗಿ ಅಮ್ಮ ಸತ್ತ ಮೇಲೆ ಫೋನ್ ಮಾಡಿದ್ದಳು, ಅಕ್ಕನಾದರೂ ಒಂದು ಮಾತು ಆಡುತ್ತಾಳೆ ಎಂದು. ಅಕ್ಕ ಆಡಿದ ಮಾತು ಈಗ ಅಕ್ಕನ ಕಿವಿಯಲ್ಲೇ ಗುಂಯ್‌ಗುಡತೊಡಗಿತು.

"ನಾಳೆ ಅದೊಂದು ಬಿಟ್ಟುಬಿಡು," ಎಂದ ಅಣ್ಣ. "ಎಲ್ಲರೆದುರು ನನ್ನ ಮಾನ ತೆಗೀಬೇಡ."

"ನಾಳೆ ಮಾತು ನಾಳೆಗೆ. ಅವಳ ನಂಬರು ಇದೆಯಾ?"

ಇತ್ತು. ಅಷ್ಟು ವರ್ಷವೂ ಅವನು ಅದನ್ನು ಅಳಿಸಿರಲಿಲ್ಲ. ಅವನು ಓದಿ ಹೇಳಿದ, ಅವಳು ಒತ್ತಿದಳು. ಎರಡು ಸಲ ಅಂಕಿ ತಪ್ಪಿತು. ಆ ಕಡೆ ಗಂಟೆ ಹೊಡೆಯುತ್ತಿರುವಾಗ ಹೇಳಬೇಕಾದ್ದನ್ನೆಲ್ಲ ಮನಸ್ಸಿನಲ್ಲೇ ಸಾಲಾಗಿ ಜೋಡಿಸಿಕೊಂಡಳು. ತಪ್ಪಾಯಿತು ಎನ್ನಬೇಕು, ನನಗೆ ಗೊತ್ತಿರಲಿಲ್ಲ ಎನ್ನಬೇಕು, ನಾಳೆ ಬಾ ಎನ್ನಬೇಕು.

"ಯಾರು?" ಎಂದಿತು ಆ ಕಡೆಯ ದನಿ. ಹಿಂದೆ ದೊಡ್ಡ ಯಂತ್ರಗಳು ತಿರುಗುವ ಸದ್ದು.

"ನಾನು ಕಣೇ. ಅಕ್ಕ."

ಯಂತ್ರಗಳ ಸದ್ದು ದೂರವಾಯಿತು, ತಂಗಿ ಹೊರಗೆ ನಡೆದು ಬಂದಳೆಂದು ಕಾಣುತ್ತದೆ. ಫೋನ್ ಇಡಲಿಲ್ಲ. ಜೋಡಿಸಿಕೊಂಡ ಮಾತುಗಳಲ್ಲಿ ಒಂದೂ ರಿಪೇರಿ ಅಕ್ಕನ ಬಾಯಿಗೆ ಬರಲಿಲ್ಲ.

"ಆಸ್ಪತ್ರೆ ತೋಟದ್ದು ಒಂದು ಫೋಟೋ ಸಿಕ್ತು. ನೀನೂ ಇದ್ದೀಯ," ಎಂದಳು. "ಅಮ್ಮ ನಗ್ತಿರೋದು."

"ಅಮ್ಮ ಎಲ್ಲಿ ನಕ್ಕಳು?" ತಂಗಿಯ ದನಿಯಲ್ಲಿ ಸಿಟ್ಟಿರಲಿಲ್ಲ, ತಿಳಿಯದವರನ್ನು ತಿದ್ದುವ ಸಾವಧಾನವಿತ್ತು. "ನಂಗೆ ಅಮ್ಮನ ಮುಖ ನೋಡೋ ಧೈರ್ಯ ಇರಲಿಲ್ಲ ಅಕ್ಕ. ಬಂದವಳೇ ಹಿಂದೆ ನಿಂತು ಕುರ್ಚಿ ತಳ್ಳಿದೆ, ಹಿಂದಿನಿಂದಲೇ ಹೊರಟುಬಂದೆ. ನಡುವೆ ಕೈ ಚಾಚಿ ನನ್ನ ಬೆರಳು ಹಿಡಿದ್ಲು. ಬಿಡು, ತಳ್ಳಬೇಡ ಅಂತಿದ್ದಾಳೆ ಅಂದ್ಕೊಂಡೆ. ಆಮೇಲೆ ಅಣ್ಣನೂ ಹಾಗೇ ಹೇಳಿದ."

ಸ್ಟೂಲಿನ ಮೇಲೆ ಕೂತಿದ್ದ ಅಣ್ಣನಿಗೆ ಎಲ್ಲ ಕೇಳಿಸುತ್ತಿತ್ತು. ಅವನು ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಅಮ್ಮ ಆ ಹೊತ್ತು ನಕ್ಕಿದ್ದು ತಂಗಿಗೆ ಕಂಡಿರಲೇ ಇಲ್ಲ ಎಂಬುದು ಅವನಿಗೂ ಗೊತ್ತಾದದ್ದು ಆಗಲೇ. ನೆಂಟರಿಷ್ಟರೆಲ್ಲ ಐದು ವರ್ಷ ಗೋಡೆಗೆ ಹಾಕಿ ನೋಡಿದ ನಗುವನ್ನು ಅದು ಯಾರಿಗಾಗಿ ಹುಟ್ಟಿತೋ ಅವಳೊಬ್ಬಳೇ ನೋಡಿರಲಿಲ್ಲ.

"ಫೋನ್ ಇಡಬೇಡ," ಎಂದಳು ರಿಪೇರಿ ಅಕ್ಕ. "ಕಳಿಸ್ತೀನಿ. ಪೂರ್ತಿ ಬರೋವರೆಗೆ ಕಾಯಿ."

ಇಡೀ ಫೋಟೋವನ್ನು, ಒಂದಂಚೂ ಮುಚ್ಚದೆ, ಕಳಿಸಿದಳು. ತಲುಪಿತೆಂಬ ಗುರುತು ಬಂತು, ತೆರೆದಳೆಂಬ ಗುರುತೂ ಬಂತು. ಈ ಕಡೆ ಅಣ್ಣ, ಅವಳು ಇಬ್ಬರೂ ಗೋಡೆಯ ಮೇಲಿನ ಅಮ್ಮನನ್ನು ನೋಡುತ್ತಾ ಕೂತರು.

"ಹೌದಲ್ಲೇ ಅಕ್ಕ," ಎಂದಳು ತಂಗಿ. "ನಕ್ಕಿದ್ದಾಳೆ."