ಹೊಸಿಲು ತಿರುಗಿಸಿದ ವರ್ಷ

ನಮ್ಮ ಮನೆಯ ಮುಂಬಾಗಿಲು ಓಣಿಗಿತ್ತು, ಹಿತ್ತಿಲ ಗೋಡೆ ಮೇಲೂರಿನ ರಸ್ತೆಗೆ ತಾಗಿತ್ತು. ಹಿತ್ತಿಲಲ್ಲಿ ನಮ್ಮೆಜಮಾನರ ಚರಕ. ರೇಷ್ಮೆಗೂಡು ಬೇಯಿಸಿ ನೂಲು ಬಿಚ್ಚುವುದಕ್ಕೆ ಸಿಹಿನೀರೇ ಬೇಕು. ಬಾವಿಯ ಸವಳು ನೀರಿನಲ್ಲಿ ಬೇಯಿಸಿದರೆ ನೂಲು ಮಂಕಾಗಿ, ಕೊಳ್ಳುವವರು ಮುಟ್ಟಿಯೂ ನೋಡುತ್ತಿರಲಿಲ್ಲ. ಬೆಳಗ್ಗೆ ಮನೆಯ ನಲ್ಲಿ ಬುಸುಗುಟ್ಟುವವರೆಗೂ ನಮಗ್ಯಾರಿಗೂ ಕಾಫಿ ರುಚಿಸುತ್ತಿರಲಿಲ್ಲ.

ಅರವತ್ತನೇ ಇಸವಿಯ ಆಚೀಚೆ ಇರಬೇಕು, ನೀರಿನ ಕಚೇರಿಯವರು ನಲ್ಲಿ ನೀರಿಗೆ ಹೊಸ ಗಡಿ ಹಾಕಿದರು. ರಸ್ತೆಯ ಮನೆಗಳು ಒಳಗೆ, ಓಣಿಯ ಮನೆಗಳು ಹೊರಗೆ. ಹೊರಗಿನವರ ನಲ್ಲಿ ಬಂದ್. ಹೊಸಿಲು ಯಾವ ಕಡೆಗಿದೆಯೋ ಮನೆ ಆ ಕಡೆಯದು ಎಂದು ಕಚೇರಿಯ ಗುಮಾಸ್ತರು ಬಂದು ಹೇಳಿದರು.

"ಹಂಗಾದ್ರೆ ಹೊಸಿಲೇ ತಿರುಗಿಸ್ತೀನಿ ಬಿಡಿ ಸ್ವಾಮಿ," ಎಂದುಬಿಟ್ಟರು ನಮ್ಮವರು.

"ತಿರುಗಿಸಪ್ಪ, ಬೇಡ ಅಂದೋರ್ಯಾರು?" ಗುಮಾಸ್ತರು ನಕ್ಕರು.

ಅತ್ತೆ ಒಪ್ಪಿದ್ದು ಒಂದೇ ಮಾತಿನ ಮೇಲೆ: ಮದುವೆಯಾಗಿ ಬಂದಾಗ ತಾವು ಅಕ್ಕಿಯ ಸೇರು ಒದ್ದು ದಾಟಿದ ಆ ಹೊಸಿಲ ಮರವೇ ಹೊಸ ಬಾಗಿಲಿಗೂ ಆಗಬೇಕು. ಆಚಾರಿ ಅದನ್ನು ಕಿತ್ತು ಹಿತ್ತಿಲ ಗೋಡೆಯಲ್ಲಿ ಕೂರಿಸಿದ. ಹಳೆಯ ಬಾಗಿಲಿಗೆ ಇಟ್ಟಿಗೆ ಬಿತ್ತು. ಲಕ್ಷ್ಮಿ ಬರುವ ದಾರಿಯಲ್ಲಿ ಹುಳು ಬೇಯಬಾರದೆಂದು ಅತ್ತೆ ಹಠ ಹಿಡಿದು, ಚರಕ, ಒಲೆ ಎಲ್ಲ ನಡುಮನೆಗೆ ಬಂದವು. ಹಾಸಿಗೆ, ಸೀರೆ, ಸಾರು, ಎಲ್ಲಕ್ಕೂ ಬೆಂದ ಹುಳುವಿನ ವಾಸನೆ. ಆದರೇನು, ನಲ್ಲಿ ಬುಸುಗುಟ್ಟುತ್ತಿತ್ತಲ್ಲ.

ವರ್ಷ ತುಂಬುವುದರೊಳಗೆ ಗಡಿ ಮತ್ತೆ ಬದಲಾಯಿತು. ಈಗ ಓಣಿ ಒಳಗೆ, ರಸ್ತೆ ಹೊರಗೆ. ಅದೇ ಗುಮಾಸ್ತರು ಬಂದು, ಹೊಸಿಲು ನೋಡಿ, ನಮ್ಮ ನಲ್ಲಿ ಮುಚ್ಚಿಸಿದರು.

"ಇನ್ಮೇಲೆ ಹೊಸಿಲನ್ನ ಹೆಗಲ ಮೇಲೆ ಹೊತ್ಕೊಂಡು ನಿಂತಿರ್ತೀವಿ ಸ್ವಾಮಿ. ಎಲ್ಲಿ ಇಡ್ಬೇಕು ಅಂತ ನೀವೇ ತೋರಿಸಿ," ಎಂದರು ಅತ್ತೆ. ಈ ಸಲ ಗುಮಾಸ್ತರು ನಗಲಿಲ್ಲ.

ನಮ್ಮವರು ಆಚಾರಿಯನ್ನು ಮತ್ತೆ ಕರೆಸಿದರು. ಅವನು ಮರದ ತುದಿಯನ್ನು ಉಗುರಿನಿಂದ ಕೆರೆದು, "ಇನ್ನೊಂದ್ಸಲ ಕಿತ್ರೆ ಸೀಳ್ತದೆ," ಎಂದ. ಹೊಸಿಲ ಮೇಲೆ ಕೂರಬಾರದೆಂದು ನಮ್ಮನ್ನೆಲ್ಲ ಗದರುತ್ತಿದ್ದ ಅತ್ತೆ ಅದರ ಮೇಲೆಯೇ ಕುಳಿತುಬಿಟ್ಟರು.

"ಕೀಳ್ಕೂಡದು ಕಣೋ. ಬೇಕಾದ್ರೆ ಚರಕ ಹೋಗ್ಲಿ."

ಚರಕ ಹೋಯಿತು. ಮೇಲೂರಿನಲ್ಲಿ ನನ್ನ ಅಣ್ಣನ ಬಾವಿಯ ನೀರು ಸಿಹಿ; ಅದು ಅಲ್ಲಿಗೆ ಸೇರಿತು, ನಮ್ಮವರು ದಿನವೂ ಅಲ್ಲಿಗೆ ಸೈಕಲ್ ತುಳಿದರು. ನಡುಮನೆ ಖಾಲಿಯಾದರೂ ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಬೆಳಗ್ಗೆ ಹೊಸ ಬಾಗಿಲಿಗೆ ರಂಗೋಲಿ ಹಾಕಿದ ಮೇಲೆ, ಮನೆ ಸುತ್ತಿಕೊಂಡು ಓಣಿಗೆ ಹೋಗಿ, ಇಟ್ಟಿಗೆ ಮುಚ್ಚಿದ ಜಾಗದ ಮುಂದೆಯೂ ಗುಡಿಸಿ ನೀರು ಚಿಮುಕಿಸುತ್ತಿದ್ದೆ.

"ಗೋಡೆಗ್ಯಾಕೆ ಕಣೇ ನೀರು?" ಎನ್ನುತ್ತಿದ್ದರು ಅತ್ತೆ.

"ಆ ಗುಮಾಸ್ತರು ಮತ್ತೆ ಬಂದು, ಓಣಿ ಕಡೆ ಬಾಗಿಲೆಲ್ಲಿ ಅಂದ್ರೆ, ಅತ್ತೆ?"