ಹೆಪ್ಪಿನ ಡಬ್ಬಿ ಹಿಡಿದು ಮನೆ ಹುಡುಕಿದ ಅಕ್ಕೋರು

ಕಳೆದ ತಿಂಗಳು ಮಗಳಿಗೆಂದು ಅಟ್ಟದ ಮೇಲಿನ ಪಾತ್ರೆ ಇಳಿಸುವಾಗ ಒಂದು ಪುಟ್ಟ ಸ್ಟೀಲ್ ಡಬ್ಬಿ ಕೈಗೆ ಸಿಕ್ಕಿತು. ಮುಚ್ಚಳದ ಅಂಚು ಒಂದು ಕಡೆ ನೆಗ್ಗಿದೆ. ಹಿಡಿಕೆ ಯಾವಾಗಲೋ ಮುರಿದು, ಅದರ ಜಾಗದಲ್ಲಿ ಯಾರೋ ತಂತಿ ಸುತ್ತಿದ್ದಾರೆ. ಮುಚ್ಚಳ ತೆಗೆದು ಮೂಸಿದೆ. ಹಳೇ ಪೇಪರಿನ ವಾಸನೆ ಬಂತು, ಅಷ್ಟೇ. ಆದರೆ ನನ್ನ ಮೂಗು ಹಟಮಾರಿ. ಮೊಸರು, ಮೊಸರು ಎಂದೇ ಅದು ಹೇಳುತ್ತಿತ್ತು. ಆ ವಾಸನೆಯ ಹಿಂದೆಯೇ ಛತ್ರಿ ಊರಿಕೊಂಡು ಅಕ್ಕೋರು ಬಂದು ನಿಂತರು...

ಅಕ್ಕೋರು ಅಂದರೆ ಔರಾದಿನಲ್ಲಿ ನಮ್ಮ ಎದುರು ಮನೆಯವರು. ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು. ನಮ್ಮ ಕಡೆ ಶಾಲೆ ಕಲಿಸುವ ಹೆಂಗಸರಿಗೆ ಅಕ್ಕೋರು ಅನ್ನುವುದು ರೂಢಿ. ನಿವೃತ್ತಿ ಆದದ್ದು ಸರಕಾರದ ಲೆಕ್ಕದಲ್ಲಿ ಮಾತ್ರ. ಓಣಿಯಲ್ಲಿ ಅವರ ಕ್ಲಾಸು ನಡೆದೇ ಇತ್ತು. ಯಾರ ಮಗುವಿಗೆ ಉಗುರು ಬೆಳೆದಿದೆ, ಯಾರ ಮನೆಯ ನಲ್ಲಿ ಸುಮ್ಮನೆ ಹರಿಯುತ್ತಿದೆ, ಯಾವ ಗಂಡ ಹೆಂಡತಿಗೆ ಜೋರು ಮಾಡುತ್ತಿದ್ದಾನೆ, ಎಲ್ಲಕ್ಕೂ ಅವರೇ ಹೆಡ್‌ಮಾಸ್ತರು. ಭಾನುವಾರ ಚರ್ಚಿನಲ್ಲಿ ಮುಂದಿನ ಬೆಂಚು ಅವರದು. ಹಾಡನ್ನು ಎಲ್ಲರಿಗಿಂತ ಒಂದು ಸಾಲು ಮೊದಲೇ ಮುಗಿಸಿ, ಉಳಿದವರು ಬರಲಿ ಎಂದು ಕಾಯುತ್ತಿದ್ದರಂತೆ. ಮಳೆ ಇರಲಿ ಬಿಡಲಿ, ಕೈಯಲ್ಲಿ ಛತ್ರಿ ಇರಲೇಬೇಕು.

ನಾನು ನರ್ಸು. ಬೀದರಿಗೆ ವರ್ಗವಾಗಿತ್ತು. ನನ್ನ ಗಂಡ ಭಾಲ್ಕಿಯಲ್ಲಿ ಹೈಸ್ಕೂಲು ಮೇಷ್ಟ್ರು. ಮಗಳು ಆಗಿನ್ನೂ ನಾಲ್ಕರ ಕೂಸು, ಜೂನಿನಲ್ಲಿ ಶಾಲೆಗೆ ಹಾಕಬೇಕು. ಔರಾದಿನ ಓಣಿ, ಭಾಲ್ಕಿಯ ರಸ್ತೆ ಬಿಟ್ಟು ಬೇರೇನೂ ನೋಡದ ನಮಗೆ ಬೀದರವೇ ಮಹಾನಗರ. ಎಲ್ಲಿ ಮನೆ ಮಾಡಬೇಕು ಎನ್ನುವುದು ಮನೆಯಲ್ಲಿ ದಿನಾ ಜಗಳದ ವಿಷಯ. ಭಾಲ್ಕಿಯ ಗಾಡಿ ಹಿಡಿಯಲು ಸ್ಟೇಷನ್ನಿಗೆ ಹತ್ತಿರ ಇರಬೇಕು, ಸ್ಕೂಟರ್ ತಿರುಗಿಸಲು ಅಗಲ ರಸ್ತೆ ಇರಬೇಕು ಎಂದು ಅವರು. ದವಾಖಾನೆಗೆ ಹತ್ತಿರ ಇರಬೇಕು, ಅಡುಗೆಕಟ್ಟೆ ನನ್ನ ಎತ್ತರಕ್ಕಿರಬೇಕು ಎಂದು ನಾನು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಹಾಗೆ. ಮಗಳಿಗೆ ಮಾತ್ರ ಸ್ಪಷ್ಟವಿತ್ತು: ಮನೆಯಲ್ಲಿ ಒಂದು ಆಡಿನ ಮರಿ ಇರಬೇಕು.

ನಮ್ಮ ಜಗಳ ಎದುರು ಮನೆಗೆ ಕೇಳಿಸದೆ ಇದ್ದೀತೆ? ಒಂದು ಸಂಜೆ ಅಕ್ಕೋರು ಬಂದು ಛತ್ರಿಯಿಂದ ನೆಲ ಕುಟ್ಟಿದರು.

"ಎರಡನೇ ಶನಿವಾರ ಬೀದರಕ ಹೋಗೋಣು. ಮನಿ ನೀವು ನೋಡ್ರಿ, ಮೊಹಲ್ಲಾ ನಾ ನೋಡ್ತೇನಿ."

ಬೇಡ ಅನ್ನುವ ಧೈರ್ಯ ನಮ್ಮಲ್ಲಿ ಯಾರಿಗಿತ್ತು!

ಅವತ್ತು ಬೆಳಿಗ್ಗೆ ಬಸ್ಸಿಗೆ ಬಂದಾಗ ಅವರ ಕೈಯಲ್ಲಿ ಛತ್ರಿಯ ಜೊತೆ ಈ ಡಬ್ಬಿ. ನಾನು ಬುತ್ತಿ ಎಂದುಕೊಂಡೆ. ಮುಚ್ಚಳ ತೆಗೆದರೆ ಖಾಲಿ. ಯಾಕ್ರೀ ಇದು ಎಂದರೆ, "ಮೊಹಲ್ಲಾ ನೋಡ್ಲಾಕ" ಎಂದು ಕಿಟಕಿಯ ಕಡೆ ಮುಖ ತಿರುಗಿಸಿದರು.

ಬೀದರದಲ್ಲಿ ಇಳಿದ ಮೇಲೆ ಅವರ ವಿದ್ಯೆ ಬಯಲಾಯಿತು. ನಾವು ಬಾಡಿಗೆ ಮನೆ ನೋಡುತ್ತಿದ್ದಂತೆ ಇವರು ಪಕ್ಕದ ಮನೆಯ ಬಾಗಿಲು ತಟ್ಟುವುದು, ಬಾಗಿಲು ತೆರೆದವರಿಗೆ ಡಬ್ಬಿ ತೋರಿಸಿ, "ಮೂಲಿ ಮನಿಗಿ ಹೊಸದಾಗಿ ಬಂದೀವ್ರಿ. ಹಾಲು ಕಾಸೀನಿ, ಹೆಪ್ಪಿಗಿ ಚೂರು ಮೊಸರಿದ್ರ ಕೊಡ್ರಿ" ಅನ್ನುವುದು! ಮೂಲೆ ಮನೆ ಯಾವುದು, ಅಲ್ಲಿ ಯಾರಿದ್ದಾರೆ, ಏನೂ ಗೊತ್ತಿಲ್ಲ. ಎಲ್ಲ ಓಣಿಗೂ ಒಂದು ಮೂಲೆ ಇರುತ್ತದೆ, ಮೂಲೆಗೆ ಒಂದು ಮನೆ ಇರುತ್ತದೆ ಅನ್ನುವ ಒಂದೇ ಭರವಸೆ. ದೇವರ ಮುಂದೆ ಮುಂದಿನ ಬೆಂಚಿನಲ್ಲಿ ಕೂರುವವರು ಹೀಗೆ ಹಸೀ ಸುಳ್ಳು ಹೇಳುವುದೇ ಎಂದು ನನ್ನ ಗಂಡ ಕೇಳಿಯೇಬಿಟ್ಟರು. "ಮನಿ ಸಿಕ್ಕ ಮ್ಯಾಲ ಅವನ ಸಂಗಡ ನಾ ಮಾತಾಡ್ಕೋತೀನಿ, ನೀವು ಫಿಕರ್ ಮಾಡಬ್ಯಾಡ್ರಿ ಸರ್" ಎಂದರು.

ಮೊದಲು ಹೋದದ್ದು ಹೊಸ ಬಡಾವಣೆಗೆ. ರಸ್ತೆ ಎಷ್ಟು ಅಗಲ ಎಂದರೆ ನನ್ನ ಗಂಡ ಮನಸ್ಸಿನಲ್ಲೇ ಸ್ಕೂಟರ್ ಎರಡು ಸುತ್ತು ತಿರುಗಿಸಿಬಿಟ್ಟರು. ಆದರೆ ಅಲ್ಲಿ ಬಾಗಿಲು ತೆರೆಯುವವರೇ ಇಲ್ಲ. ಪ್ರತಿ ಗೇಟಿಗೂ ನಾಯಿಯ ಬೋರ್ಡು. ಒಂದು ಮನೆಯ ಮಾಳಿಗೆಯಿಂದ ಒಬ್ಬಾಕೆ ಬಗ್ಗಿ, ಅಕ್ಕೋರ ಛತ್ರಿ, ಡಬ್ಬಿ ಎಲ್ಲ ನೋಡಿ, "ಏನೂ ಬ್ಯಾಡ್ರಿ, ಮುಂದ ಹೋಗ್ರಿ" ಎಂದಳು. ಜೀವಮಾನವೆಲ್ಲ ಮಕ್ಕಳಿಗೆ ಮಗ್ಗಿ ಕಲಿಸಿದ ಅಕ್ಕೋರನ್ನು ಯಾರೂ ಹೀಗೆ ಉಪ್ಪಿನಕಾಯಿ ಮಾರುವವರ ಸಾಲಿಗೆ ಸೇರಿಸಿರಲಿಲ್ಲ. ಆ ಬಡಾವಣೆ ಅಲ್ಲಿಗೆ ಫೇಲು.

ಎರಡನೆಯದು... ಆ ಮನೆ ಈಗಲೂ ನನ್ನ ಕಣ್ಣ ಮುಂದಿದೆ. ಗಾಳಿ ಬೆಳಕಿನ ಅಡುಗೆಮನೆ, ಕಟ್ಟೆ ನನಗೆಂದೇ ಅಳತೆ ಮಾಡಿ ಕಟ್ಟಿದ ಹಾಗೆ. ಸ್ಟೇಷನ್ನಿಗೂ ಹತ್ತಿರ, ದವಾಖಾನೆಗೂ ಹತ್ತಿರ. ಮದುವೆಯಾದಾಗಿನಿಂದ ನಾನೂ ನನ್ನ ಗಂಡನೂ ಒಂದೇ ಮಾತಿಗೆ ತಲೆ ಅಲ್ಲಾಡಿಸಿದ್ದು ಅದೇ ಮೊದಲಿರಬೇಕು. ಮಾಲಕರಂತೂ ಮಾತಿಗೆ ಮುಂಚೆ ನಗುವವರು. ನಾವು ಅಡುಗೆಮನೆಯಲ್ಲಿ ನಿಂತು ಗ್ಯಾಸು ಎಲ್ಲಿ, ಫ್ರಿಜ್ಜು ಎಲ್ಲಿ ಎಂದು ಸಂಸಾರ ಹೂಡುತ್ತಿದ್ದೆವು. ಅಷ್ಟರಲ್ಲಿ ಪಕ್ಕದ ಮನೆಗೆ ಹೋಗಿದ್ದ ಅಕ್ಕೋರು ವಾಪಸು ಬಂದರು. ಡಬ್ಬಿಯಲ್ಲಿ ಮೊಸರಿತ್ತು.

"ನಡೀರಿ" ಎಂದರು.

"ಯಾಕ್ರೀ ಅಕ್ಕೋರೆ?"

"ಮೊಸರು ಹುಳಿ ಅದ."

ಮೊಸರು ಹುಳಿ ಎಂದು ಮನೆ ಬಿಡುತ್ತಾರೆಯೇ! ನನ್ನ ಮುಖ ಹುಳ್ಳಗಾಯಿತು. ಆಟೋ ಹತ್ತಿದೆವು. ನನ್ನ ಗಂಡ ಮೆಲ್ಲಗೆ ಡಬ್ಬಿಯ ಮುಚ್ಚಳ ಸರಿಸಿ, ಒಂದು ಬೆರಳು ಅದ್ದಿ ನಾಲಿಗೆಗೆ ಇಟ್ಟುಕೊಂಡರು. "ಹುಳಿ ಎಲ್ಲಿ ಅದ್ರಿ ಅಕ್ಕೋರೆ? ಸಕ್ರಿ ಹಾಕಿದಂಗದ!" ಎಂದು ಕೂಗಿದ್ದಕ್ಕೆ ಆಟೋದವನು ತಿರುಗಿ ನೋಡಿದ. ಅಕ್ಕೋರು ಛತ್ರಿಯ ಮೇಲೆ ಎರಡೂ ಕೈ ಇಟ್ಟು ರಸ್ತೆ ನೋಡುತ್ತ ಕೂತಿದ್ದರು.

ಬಸ್‌ಸ್ಟ್ಯಾಂಡಿನ ಹತ್ತಿರ ಚಹಾ ಕುಡಿಯಲು ಕೂತಾಗ ಅವರು ಹೇಳಿದರು. ಆ ಪಕ್ಕದ ಮನೆಯಾಕೆ ಬಹಳ ನಯವಾಗಿಯೇ ಮಾತಾಡಿಸಿದಳಂತೆ. ಯಾವ ಊರು, ಮನೆಯಲ್ಲಿ ಎಷ್ಟು ಮಂದಿ ಎಂದು ಕೇಳುತ್ತ ಕೇಳುತ್ತ, ನಿಮ್ಮ ಮಂದಿ ಯಾರು ಎಂದಳಂತೆ. ಅಕ್ಕೋರು ಇದ್ದದ್ದು ಹೇಳಿದರು. ಆಮೇಲೆ ಆಕೆ, ಡಬ್ಬಿ ಕಟ್ಟೆಯ ಮೇಲೆ ಇಡಿ ಎಂದಳು. ಇಟ್ಟರು. ಮೇಲಿನಿಂದ, ಸೌಟು ಡಬ್ಬಿಗೆ ತಾಗದ ಹಾಗೆ, ಮೊಸರು ಬಿಟ್ಟಳು.

"ಕಿರಾಯಿ ಬರ್ತದಂತ ಮಾಲಕ ನಗ್ತಾನ ಯವ್ವಾ. ಬಾಜೂ ಮನಿಯಾಕಿಗಿ ನಗೋ ಗರಜಿಲ್ಲ. ನಾಳಿ ನಿನ್ನ ಮಗಳು ಆಕಿ ಮನಿಗಿ ಆಡ್ಲಾಕ ಹೋಗ್ತಾಳ, ನೀರು ಕೇಳ್ತಾಳ. ಅದಕ ಆಕಿ ಗ್ಲಾಸು ಹ್ಯಾಂಗ ಕೊಡ್ತಾಳ ಅಂತ ನಾ ಇವತ್ತೇ ನೋಡ್ಬೇಕಾ ಬ್ಯಾಡಾ?"

ನಮ್ಮ ಮನೆಯಲ್ಲಿ ಬುದ್ಧನ ಫೋಟೋ, ಅಕ್ಕೋರ ಮನೆಯಲ್ಲಿ ಏಸುವಿನ ಫೋಟೋ. ಎರಡೂ ಗೋಡೆಗೆ ಏರುವ ಮೊದಲೇ ಜಾತಿ ಕೇಳುವ ಇಂಥ ಪ್ರಶ್ನೆ ಬಾಗಿಲಿಗೆ ಬಂದು ನಿಲ್ಲುತ್ತದೆ ಎಂದು ನಮಗೆ ಗೊತ್ತಿಲ್ಲದ್ದಲ್ಲ. ಓದಿದ್ದೇವೆ, ನೌಕರಿ ಇದೆ, ಬೀದರದಂಥ ದೊಡ್ಡ ಊರು ಎಂದು ಮರೆತಿದ್ದೆವು, ಅಷ್ಟೇ. ನನ್ನ ಕೂಸು ಬೆಂಚಿನ ಮೇಲೆ ಕಾಲು ಆಡಿಸುತ್ತ ಬಿಸ್ಕತ್ತು ಚಹಾದಲ್ಲಿ ಅದ್ದುತ್ತಿತ್ತು. ಅದನ್ನು ನೋಡಿ ನನಗೆ ಆ ಸೌಟಿನವಳ ಮೇಲೆ ಸಿಟ್ಟು ಬಂತು. ನನ್ನ ಗಂಡ ಎದ್ದು ಹೋಗಿ ಅಕ್ಕೋರಿಗೆ ಇನ್ನೊಂದು ಚಹಾ ತಂದಿಟ್ಟರು.

ಆ ಮೊಸರು ಚೆಲ್ಲಿಬಿಡೋಣ ಎಂದೆ. "ಮೊಸರು ಏನು ಮಾಡೇದ? ಉಣ್ಣೋದರ ಮ್ಯಾಲ ಸಿಟ್ಟು ಮಾಡಬಾರದು" ಎಂದು ಮುಚ್ಚಳ ಒತ್ತಿದರು. ಈ ದೊಡ್ಡ ಮಾತೇ ಮುಂದೆ ಅವರನ್ನು ಪೇಚಿಗೆ ಸಿಕ್ಕಿಸಿತು.

ಮೂರನೆಯದು ಹಳೇ ಮೊಹಲ್ಲಾ. ಓಣಿ ಎಷ್ಟು ಇಕ್ಕಟ್ಟು ಎಂದರೆ ಎದುರಿಂದ ಎಮ್ಮೆ ಬಂದರೆ ಯಾರದಾದರೂ ಮನೆಯೊಳಗೆ ಹೋಗಿ ನಿಲ್ಲಬೇಕು. ನಮಗೆ ಯಾರೋ ಹೇಳಿದ್ದ ಮನೆಗೆ ಬೀಗ. ಅಷ್ಟರಲ್ಲಿ ಅಕ್ಕೋರ ಕಣ್ಣಿಗೆ ಒಂದು ಕಟ್ಟೆಯ ಮೇಲೆ ತೊಗರಿಬೇಳೆ ಆರಿಸುತ್ತ ಕೂತ ಹೆಂಗಸರು ಬಿದ್ದರು. ಡಬ್ಬಿ ಮುಂದೆ ಹಿಡಿದು ಹೊರಟೇಬಿಟ್ಟರು.

"ಮೂಲಿ ಮನಿಗಿ ಹೊಸದಾಗಿ ಬಂದೀವ್ರಿ. ಹೆಪ್ಪಿಗಿ..."

ನಡುವೆ ಕೂತಿದ್ದ ದಪ್ಪನೆಯ ಹೆಂಗಸು ಮೊರ ಕೆಳಗಿಟ್ಟಳು. "ಮೂಲಿ ಮನಿ ನಮ್ದೇ ಅದ್ರಿ. ನಮ್ಮನಿಗಿ ಯಾವಾಗ ಬಂದ್ರಿ ನೀವು?"

ನಾನು ನೆಲ ನೋಡಿದೆ. ನನ್ನ ಗಂಡ ಆಕಾಶ ನೋಡಿದರು. ಅಕ್ಕೋರು ಮಾತ್ರ ಸೋಲುವವರಲ್ಲ. "ಈಗ ಬರ್ಲಾಕತ್ತೀವ್ರಿ" ಎಂದರು. ಬೇಳೆ ಆರಿಸುವವರೆಲ್ಲ ಹೋ ಎಂದು ನಕ್ಕರು. ಆ ಹೆಂಗಸೂ ನಗುತ್ತಲೇ, ಹೆಪ್ಪು ಕೇಳಿದವರನ್ನು ಬರಿಗೈಯಲ್ಲಿ ಕಳಿಸಬಾರದು ಎಂದು ಅಕ್ಕೋರ ಕೈಯಿಂದ ಡಬ್ಬಿ ಇಸಿದುಕೊಂಡು ಮುಚ್ಚಳ ತೆಗೆದಳು.

"ಅಯ್ಯ, ಇದರಾಗ ಮೊಸರು ಅದಲ್ರಿ!"

"ಅದು... ಹುಳಿ ಅದ್ರಿ."

ಆಕೆ ನನ್ನ ಗಂಡನ ಹಾಗೆಯೇ ಬೆರಳು ಅದ್ದಿ ರುಚಿ ನೋಡಿದಳು. ಒಂದೇ ದಿನ ಒಂದೇ ಸುಳ್ಳಿಗೆ ಎರಡು ಸಲ ಸಿಕ್ಕಿಬಿದ್ದ ಅಕ್ಕೋರನ್ನು ನಾನು ಅದಕ್ಕೆ ಮೊದಲೂ ನೋಡಿಲ್ಲ, ಆಮೇಲೂ ನೋಡಿಲ್ಲ. ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡರು. ತಪ್ಪು ಮಾಡಿದ ಮಗು ಕ್ಲಾಸಿನ ಮುಂದೆ ನಿಂತ ಹಾಗೆ ನಿಂತು ಎಲ್ಲ ಹೇಳಿಬಿಟ್ಟರು. ನಾವು ಔರಾದಿನವರು, ಈಕೆ ದವಾಖಾನೆಯ ನರ್ಸು, ಇವರು ಬೌದ್ಧರು, ನಾನು ಚರ್ಚಿನಾಕಿ, ಮನೆ ನೋಡಲು ಬಂದಿದ್ದೇವೆ, ಮೊಸರು ಸುಳ್ಳು, ಮೂಲೆ ಮನೆ ಸುಳ್ಳು.

ನಗು ನಿಂತಿತು. ಬೇಳೆ ಆರಿಸುವ ಕೈಗಳೂ ನಿಂತವು. ಇನ್ನು ಆಕೆ ಡಬ್ಬಿ ಎಲ್ಲಿಡುತ್ತಾಳೆ ಎಂದು ನೋಡುತ್ತ ನಿಂತೆ...

ಆಗ ಒಳಗಿನಿಂದ ಒಂದು ಮುದುಕಿಯ ದನಿ ಬಂತು. "ಯಾರದೇ ಈ ಕೂಸು? ನನ್ನ ತಾಟಿನಾಗ ಮೊಸರನ್ನ ಉಂಡು ಮತ್ತ ಬೇಕಂತ ಕುಂತದ!"

ನನ್ನ ಪಕ್ಕ ನೋಡಿದೆ. ಮಗಳಿಲ್ಲ. ನಾವು ಮೂಲೆ ಮನೆಯ ನ್ಯಾಯದಲ್ಲಿದ್ದಾಗ ಆಕೆ ಆಡಿನ ಮರಿಯೊಂದನ್ನು ಹಿಂಬಾಲಿಸಿ ಸೀದಾ ಅವರ ಅಡುಗೆಮನೆಗೆ ಹೋಗಿದ್ದಳು. ಹೊರಗೆ ಬಂದಾಗ ಗಲ್ಲದ ತನಕ ಮೊಸರು. ಹಿಂದೆಯೇ ಬಂದ ಮುದುಕಿ ತನ್ನ ಸೆರಗಿನಿಂದ ಕೂಸಿನ ಬಾಯಿ ಒರೆಸುತ್ತ, ಮಗುವಿಗೆ ಉಣ್ಣಿಸದೆ ಊರೂರು ಅಲೆಸುತ್ತೀರೇನು ಎಂದು ನಮ್ಮನ್ನೇ ಬೈದಳು. ದಪ್ಪನೆಯ ಹೆಂಗಸು ಆಕೆಯ ಸೊಸೆ. "ನಮ್ಮತ್ತಿ ತಾಟು ಮುಟ್ಲಾಕ ನಾವೇ ಅಂಜ್ತೀವ್ರಿ. ನಿಮ್ಮ ಹುಡುಗಿ ಗಟ್ಟಿ ಅದಾಳ" ಎಂದು ಮತ್ತೆ ನಗಲು ಶುರು ಮಾಡಿದಳು. ಮಾಳಿಗೆ ಖಾಲಿ ಇದೆ, ಕಿರಾಯಿಗೆ ಕೊಡುವ ವಿಚಾರ ಮಾಡಿರಲಿಲ್ಲ, ನೋಡುವುದಾದರೆ ನೋಡಿ ಎಂದಳು.

ಅಕ್ಕೋರು ಮೆಟ್ಟಿಲ ಕಡೆ ತಿರುಗಿಯೂ ನೋಡಲಿಲ್ಲ. "ಸರ್, ಅಡ್ವಾನ್ಸ್ ಕೊಡ್ರಿ" ಎಂದರು.

ಆ ಮಾಳಿಗೆಯ ಅಡುಗೆಕಟ್ಟೆ ನನ್ನ ಮೊಣಕಾಲಿಗಿಂತ ಚೂರು ಮೇಲೆ. ನಲ್ಲಿಗೆ ನೀರು ಬಂದರೆ ಹಬ್ಬ. ನನ್ನ ಗಂಡನ ಸ್ಕೂಟರ್ ಓಣಿಯ ಎಲ್ಲ ಗೋಡೆಗಳಿಗೂ ತನ್ನ ಬಣ್ಣ ಹಚ್ಚಿತು. ಸ್ಟೇಷನ್ನು ದೂರ, ದವಾಖಾನೆ ಇನ್ನೂ ದೂರ. ಸ್ವಂತ ಮನೆ ಕಟ್ಟುವ ತನಕ ನಾವು ಅಲ್ಲಿಂದ ಕದಲಲಿಲ್ಲ. ನನ್ನ ನೈಟ್ ಡ್ಯೂಟಿ ಇದ್ದಾಗಲೆಲ್ಲ ಮಗಳು ಮಲಗುತ್ತಿದ್ದದ್ದು ಕೆಳಗೆ, ಆ ಮುದುಕಿಯ ಮಗ್ಗುಲಲ್ಲಿ. ಅವತ್ತು ಆ ಹೆಂಗಸು ಡಬ್ಬಿ ತೊಳೆದು ತನ್ನ ಮನೆಯ ಮೊಸರು ತುಂಬಿ ಕೊಟ್ಟಿದ್ದಳು. ಔರಾದಿನ ಬಸ್ಸಿನಲ್ಲಿ ಚೆಲ್ಲುತ್ತದೆ ಎಂದು ಅಕ್ಕೋರು ಅದನ್ನು ಅಲ್ಲೇ ಬಿಟ್ಟರು. ಹಾಗೆ ಅದು ನಮ್ಮದಾಯಿತು.

ಅಕ್ಕೋರು ತೀರಿಕೊಂಡು ಕೆಲವು ವರ್ಷವಾಯಿತು. ಔರಾದಿಗೆ ಮಣ್ಣಿಗೆ ಹೋದಾಗ ಆ ಮೂಲೆ ಮನೆಯ ಸೊಸೆಯೂ ನಮ್ಮ ಜೊತೆ ಬಂದಿದ್ದಳು. ಬಸ್ಸಿನಲ್ಲಿ ಉದ್ದಕ್ಕೂ "ಈಗ ಬರ್ಲಾಕತ್ತೀವ್ರಿ ಅಂದ್ರಲ್ಲ" ಎಂದು ನೆನೆಸಿ ನಗುತ್ತಿದ್ದಳು, ಹಾಗೇ ಕಣ್ಣು ಒರೆಸಿಕೊಳ್ಳುತ್ತಿದ್ದಳು.

ಈಗ ಮಗಳ ಸರದಿ. ಗಂಡ, ಮಗುವನ್ನು ಕರೆದುಕೊಂಡು ಹೈದರಾಬಾದಿಗೆ ಹೋಗಿದ್ದಾಳೆ. ಯಾವ ಏರಿಯಾ ಎಂದು ಎರಡು ತಿಂಗಳು ಫೋನಿನಲ್ಲೇ ನೋಡಿದಳು. ಶಾಲೆಗೆ ಜನ ಐದಕ್ಕೆ ಎಷ್ಟು ಚುಕ್ಕಿ ಕೊಟ್ಟಿದ್ದಾರೆ, ಪಾರ್ಕಿಗೆ ಎಷ್ಟು ಚುಕ್ಕಿ ಎಲ್ಲ ಅದರಲ್ಲೇ ಇದೆ. ಪಕ್ಕದ ಮನೆಯವರಿಗೆ ಎಷ್ಟು ಚುಕ್ಕಿ ಎಂದು ಕೇಳಿದೆ. ನಕ್ಕಳು. ಡಬ್ಬಿ ಕೊಟ್ಟರೆ, "ಮಮ್ಮಿ, ಅಲ್ಲಿ ಮೊಸರು ಹತ್ತು ನಿಮಿಷದಾಗ ಮನಿಗೇ ಬರ್ತದ" ಎಂದು ಇನ್ನೂ ನಕ್ಕಳು.

ಸಾಮಾನು ಇಳಿಸಲು ನಾನೂ ಹೋಗಿದ್ದೆ. ಲಿಫ್ಟಿನ ಆಚೆ ಕೊನೆಗೆ ಅವರ ಫ್ಲ್ಯಾಟು, ನಿಜವಾದ ಮೂಲೆ ಮನೆ. ಮಗಳು ಬೇಡ ಬೇಡ ಅನ್ನುತ್ತಿದ್ದರೂ ಡಬ್ಬಿ ಹಿಡಿದು ಪಕ್ಕದ ಬಾಗಿಲ ಬೆಲ್ ಒತ್ತಿದೆ. ಮಗಳ ವಯಸ್ಸಿನ ಹುಡುಗಿ ಬಾಗಿಲು ತೆರೆದಳು. ಮೂಲೆ ಮನೆಗೆ ಹೊಸದಾಗಿ ಬಂದಿದ್ದೇವೆ, ಹೆಪ್ಪಿಗೆ ಮೊಸರು ಬೇಕಿತ್ತು ಎಂದು ನನ್ನ ಬೀದರ ಹಿಂದಿಯಲ್ಲಿ ಹೇಳಿದೆ. ಆಕೆ ಒಳಗೆ ಹೋಗಿ ಫ್ರಿಜ್ಜಿನಿಂದ ಸೀಲು ಒಡೆಯದ ಮೊಸರಿನ ಪಾಕೀಟು ತಂದಳು. ಎರಡು ಬೆರಳಲ್ಲಿ ಹಿಡಿದು ನನ್ನ ಡಬ್ಬಿಯೊಳಗೆ ಇಳಿಸಿದಳು. ನಕ್ಕಳು. ಬಾಗಿಲು ಹಾಕಿಕೊಂಡಳು.

ನಾನು ಅಲ್ಲೇ ನಿಂತೆ. ಇದು ಕೈಯಿಂದ ಕೊಟ್ಟದ್ದೋ, ಮೇಲಿನಿಂದ ಬಿಟ್ಟದ್ದೋ? ಪಾಕೀಟನ್ನು ಇನ್ನು ಹೇಗೆ ಕೊಡುತ್ತಾರೆ? ಹೆಸರು ಕೇಳಲಿಲ್ಲ ಎಂದು ಸಮಾಧಾನ ಪಡಬೇಕೋ, ಹೆಸರನ್ನೂ ಕೇಳಲಿಲ್ಲವಲ್ಲ ಎಂದು ಬೇಜಾರು ಪಡಬೇಕೋ? ಎಷ್ಟು ಹೊತ್ತು ನೋಡಿದರೂ ಪಾಕೀಟು ಏನೂ ಹೇಳಲಿಲ್ಲ.

ಮಗಳು ಬಾಗಿಲಿಂದ ಇಣುಕಿದಳು. "ಏನಾಯ್ತು ಮಮ್ಮಿ? ಪಾಸೋ ಫೇಲೋ?"

"ತಡಿ, ಅಕ್ಕೋರಿಗಿ ಫೋನ್ ಮಾಡಿ ಕೇಳ್ತೇನಿ" ಎಂದೆ.

ಅಂದ ಮೇಲೆ ನೆನಪಾಯಿತು.